ಬರಿ ಡಿಕಾಕ್ಷನ್‌ಗೆ ಅಂಕ ಹಾಕಬೇಡಿ

ನನ್ನ ಕಸುಬು ಉಗುಳುವುದು. ಕಾಫಿಯನ್ನು ಚಮಚದಲ್ಲಿ ಸೊರ್ರೆಂದು ಎಳೆದು, ನಾಲಿಗೆಯ ಮೇಲೆಲ್ಲ ಹರಡಿಕೊಂಡು, ಪಕ್ಕದ ಪೀಕದಾನಿಗೆ ಉಗುಳಿ, ಹಾಳೆಯ ಮೇಲೆ ಅಂಕ ಬರೆದು ಮೂವತ್ತೊಂದು ವರ್ಷ ಸಂಬಳ ತಗೊಂಡವನು ನಾನು. ಮೂಡಿಗೆರೆ ಪಕ್ಕದ ಹಳ್ಳಿಯಲ್ಲಿದ್ದ ಅವ್ವನಿಗೆ ಇದನ್ನು ನೆಂಟರಿಷ್ಟರಿಗೆ ವಿವರಿಸುವುದೇ ಕಷ್ಟವಾಗಿ, ‘ಮಗ ಕಾಫಿ ಆಫೀಸಲ್ಲವ್ನೆ’ ಎಂದು ಮಾತು ಮುಗಿಸುತ್ತಿದ್ದಳು. ಹಾಗಾಗಿ ವೈನಿನ ಬಗ್ಗೆ ಬರೆಯಹೊರಟ ಈ ಮುದುಕನಿಗೆ ಯಾವಾಗಿನಿಂದ ಈ ಚಟ ಎಂದು ಯಾರೂ ಹುಬ್ಬೇರಿಸಬೇಕಿಲ್ಲ. ವೈನನ್ನೂ ನಾನು ಹೆಚ್ಚಾಗಿ ಉಗುಳಿಯೇ ಕಲಿತದ್ದು.

ಹೋದ ತಿಂಗಳು ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಇಟಲಿಯ ವೈನುಗಳ ರುಚಿ ನೋಡುವ ಕಾರ್ಯಕ್ರಮವಿತ್ತು. ಪರಿಚಯದವರೊಬ್ಬರು ಬಲವಂತ ಮಾಡಿ ಕರೆದುಕೊಂಡು ಹೋದರು. ಎಂಟು ಲೋಟ, ಎಂಟು ವೈನು, ಮುಕ್ಕಾಲು ಗಂಟೆ. ಮುಂದೆ ಒಂದು ಹಾಳೆ: ಬಣ್ಣಕ್ಕಿಷ್ಟು, ಘಮಕ್ಕಿಷ್ಟು, ರುಚಿಗಿಷ್ಟು, ಒಟ್ಟು 100. ತಿನ್ನಲು ಉಪ್ಪಿಲ್ಲದ ಬಿಸ್ಕತ್ತು, ಕುಡಿಯಲು ನೀರು. ಎ.ಸಿ. ಮಾತ್ರ ಧಾರಾಳವಾಗಿತ್ತು. ನಾಲ್ಕನೆಯ ಲೋಟಕ್ಕೆ ಬರೋಲೋ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಒಂದು ಗುಟುಕು ಕುಡಿದು ಮುಖ ಹಿಂಡಿ, ‘ಅಂಕಲ್, ಇದು ಕೆಟ್ಟೋಗಿದೆ ಅಲ್ವಾ?’ ಎಂದಳು. ಕೆಟ್ಟಿರಲಿಲ್ಲ. ಬರೋಲೋ ಇರುವುದೇ ಹಾಗೆ. ಕೊನೆಗೆ ಎಲ್ಲರ ಅಂಕ ಕೂಡಿಸಿದಾಗ ದಕ್ಷಿಣದ ಪೂಲ್ಯಾ ಸೀಮೆಯ ಪ್ರಿಮಿಟೀವೋ ಮೊದಲನೆಯದಾಯಿತು. ದಪ್ಪ, ಮೃದು, ಹಣ್ಣಿನ ಜ್ಯಾಮಿನಂಥ ವೈನು ಅದು. ಅಲ್ಲಿದ್ದ ಬಾಟ್ಲಿಗಳಲ್ಲೆಲ್ಲ ದುಬಾರಿಯಾಗಿದ್ದ ಬರೋಲೋ ಎಂಟನೆಯದಾಯಿತು.

ಅಂಕ ಹಾಕಿದವರನ್ನು ನಾನು ದೂರುವುದಿಲ್ಲ. ಪರೀಕ್ಷೆಯೇ ತಪ್ಪಾಗಿತ್ತು.

ನಮ್ಮ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಹಿತ್ತಾಳೆ ಫಿಲ್ಟರಿನಿಂದ ರಾತ್ರಿಯೆಲ್ಲ ತೊಟ್ಟಿಕ್ಕಿದ ಗಟ್ಟಿ ಡಿಕಾಕ್ಷನ್, ಅದರಲ್ಲೂ ಚಿಕೋರಿ ಬೆರೆತದ್ದು, ನಾವು ಕಾಫಿಯ ರುಚಿ ನೋಡುವ ಕಪ್ಪಿಂಗ್ ಮೇಜಿಗೆ ಬಂದರೆ ನಾನೇ ಅದಕ್ಕೆ ಕನಿಕರವಿಲ್ಲದೆ ಕಡಿಮೆ ಅಂಕ ಹಾಕುತ್ತೇನೆ. ಕಹಿ, ಭಾರ, ಸುಟ್ಟ ಘಾಟು. ಅದೇ ಡಿಕಾಕ್ಷನ್ ಉಕ್ಕಿದ ಹಾಲಿಗೆ ಬಿದ್ದು ಲೋಟ ಬಟ್ಟಲಲ್ಲಿ ನೊರೆಯೆದ್ದಾಗ ನಾನೂ ಎರಡನೆಯ ಲೋಟಕ್ಕೆ ಕೈಚಾಚುತ್ತೇನೆ. ಹಾಲಿನ ಜಿಡ್ಡನ್ನೂ ಸಕ್ಕರೆಯ ಸಿಹಿಯನ್ನೂ ಸೀಳಿಕೊಂಡು ಕಾಫಿಯ ರುಚಿ ಮೇಲೆ ಬರಲಿ ಎಂದೇ ಅದನ್ನು ಅಷ್ಟು ಕಹಿಯಾಗಿ ಇಳಿಸಿರುತ್ತಾರೆ. ಹಾಲು ತೆಗೆದಿಟ್ಟು ಬರಿ ಡಿಕಾಕ್ಷನ್‌ಗೆ ಅಂಕ ಹಾಕಿದವನಿಗೆ ನಮ್ಮ ಕಾಫಿ ಗೊತ್ತಾಗುವುದಿಲ್ಲ. ಇಟಲಿಯ ಬಹುಪಾಲು ವೈನು ಇಂಥ ಡಿಕಾಕ್ಷನ್. ಅದರ ಹಾಲು ಊಟದ ತಟ್ಟೆಯಲ್ಲಿರುತ್ತದೆ.

ಇದು ನನಗೆ ತಿಳಿದದ್ದು ತೀರಾ ತಡವಾಗಿ. ನಮ್ಮ ದೇಶದ ಕಾಫಿಯನ್ನು ಹೆಚ್ಚು ಕೊಳ್ಳುವುದು ಇಟಲಿ. ಅವರ ಎಸ್ಪ್ರೆಸ್ಸೋದ ಮೇಲಿನ ದಪ್ಪ ನೊರೆಗೆ ನಮ್ಮ ರೊಬಸ್ಟಾ ಬೇಕು. ಆ ವ್ಯಾಪಾರದ ದೆಸೆಯಿಂದ 2012ರ ಅಕ್ಟೋಬರಿನಲ್ಲಿ ತೊರಿನೋ ನಗರದಲ್ಲಿ ಕಾಫಿ ಹುರಿಯುವವರೊಬ್ಬರ ಬಳಿಗೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು, ವಿಮಾನಕ್ಕೆ ಇನ್ನೂ ಹತ್ತು ದಿನವಿತ್ತು. ಅವರು ದಕ್ಷಿಣಕ್ಕೆ ಒಂದೂವರೆ ಗಂಟೆ ದೂರದ ಆಲ್ಬಾ ಎಂಬ ಪಟ್ಟಣಕ್ಕೆ ಕಳಿಸಿ, ಅಲ್ಲಿ ನಡೆಯುತ್ತಿದ್ದ ಆರು ಸಂಜೆಯ ವೈನ್ ತರಗತಿಗೆ ಸೇರಿಸಿದರು. ‘ನಿಮ್ಮ ನಾಲಿಗೆ ಸುಮ್ಮನೆ ಕೂರಬಾರದು’ ಎಂದರು.

ಆಲ್ಬಾ ಸುತ್ತಲಿನ ಲಾಂಗೆ ಎಂಬ ಗುಡ್ಡಸಾಲಿಗೆ ಬೆಳಗಿನ ಮಂಜು ಹೇಗೆ ಕವಿಯುತ್ತದೆಂದರೆ, ಕಣ್ಣು ಬಿಟ್ಟವನಿಗೆ ಒಂದು ಕ್ಷಣ ನಮ್ಮೂರ ಕಡೆಯ ದೇವರಮನೆ ಗುಡ್ಡದಲ್ಲಿದ್ದೇನೆ ಅನಿಸಿತು. ಬರೋಲೋ ಮಾಡುವ ದ್ರಾಕ್ಷಿಯ ಹೆಸರು ನೆಬ್ಬಿಯೋಲೋ. ಇಟಲಿಯವರ ಮಾತಿನಲ್ಲಿ ‘ನೆಬ್ಬಿಯಾ’ ಎಂದರೆ ಮಂಜು, ಹೆಸರು ಅದರಿಂದಲೇ ಬಂತೆಂದು ಅಲ್ಲಿ ಹೇಳುತ್ತಾರೆ. ತಡವಾಗಿ, ಅಕ್ಟೋಬರಿನಲ್ಲಿ, ಹೀಗೆ ಮಂಜು ಬೀಳುವ ಹೊತ್ತಿಗೇ ಅದು ಕುಯ್ಲಿಗೆ ಬರುವುದು. ಬಣ್ಣ ನೋಡಿ ಮೋಸ ಹೋಗಬೇಕು, ಅಂಥ ದ್ರಾಕ್ಷಿ. ಲೋಟದಲ್ಲಿ ತೆಳ್ಳಗೆ, ಮುರುಗಲ ಹಣ್ಣಿನ ಪಾನಕದ ಹಾಗೆ ಕಾಣುತ್ತದೆ. ವಯಸ್ಸಾದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಾಯಿಗೆ ಹಾಕಿದರೆ ಮಾತ್ರ ಒಸಡು, ಕೆನ್ನೆ, ನಾಲಿಗೆ ಎಲ್ಲವನ್ನೂ ಹಿಡಿದು ಹಿಂಡುತ್ತದೆ. ಕಾನೂನಿನ ಪ್ರಕಾರ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಇಟ್ಟ ಮೇಲೂ ಈ ಪಾಡು.

ತರಗತಿಯ ಎರಡನೆಯ ಸಂಜೆ ನನ್ನ ಮಾನ ಉಳಿಸಿದ್ದು ಕಾಫಿ. ಒಂದು ಬಾಟ್ಲಿ ಬಿಚ್ಚಿ ಎಲ್ಲರಿಗೂ ಸುರಿದರು. ಮೂಗಿಗೆ ಹಿಡಿದ ತಕ್ಷಣ ನಾನು ಲೋಟ ಕೆಳಗಿಟ್ಟೆ. ಮಳೆಗಾಲದಲ್ಲಿ ಒದ್ದೆ ಗೋಣಿಚೀಲ ಮೂಲೆಗೆ ಬಿದ್ದು ಮುಗ್ಗಿದ ವಾಸನೆ. ನಮ್ಮ ಕಸುಬಿನಲ್ಲಿ ಅದಕ್ಕೆ ‘ರಿಯೋ’ ಎನ್ನುತ್ತೇವೆ. ಬ್ರೆಜಿಲ್ಲಿನ ಕೆಲವು ಕಾಫಿಗಳಿಂದ ಬಂದ ಹೆಸರು. ಒಂದು ಚೀಲದಲ್ಲಿ ಈ ವಾಸನೆಯಿದ್ದರೆ ಇಡೀ ಲಾಟನ್ನೇ ತಳ್ಳಿಹಾಕುತ್ತೇವೆ. ‘ಇದು ರಿಯೋ’ ಎಂದೆ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವರು ಮೂಸಿ, ಬಿರಡೆ ಕೆಟ್ಟಿದೆ ಎಂದು ಬಾಟ್ಲಿ ಪಕ್ಕಕ್ಕಿಟ್ಟರು. ಆಮೇಲೆ ಇಬ್ಬರೂ ಕೂತು ಮಾತಾಡಿದಾಗ ಗೊತ್ತಾಯಿತು, ಎರಡೂ ಒಂದೇ: ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು. ವೈನಿನಲ್ಲಿ ಅದು ಬೂಷ್ಟು ತಗುಲಿದ ಬಿರಡೆಯಿಂದ ಇಳಿಯುತ್ತದೆ. ಲಕ್ಷ ಕೋಟಿ ಪಾಲಿನಲ್ಲಿ ನಾಲ್ಕೈದು ಪಾಲಿದ್ದರೂ ಪಳಗಿದ ಮೂಗು ಹಿಡಿಯುತ್ತದೆ. ಇದನ್ನು ಹೇಳಲು ಕಾರಣವಿದೆ. ಬರಿ ನಾಲಿಗೆ, ಬರಿ ಮೂಗಿನ ಪರೀಕ್ಷೆ ದಂಡ ಎಂದು ನಾನು ಹೇಳುತ್ತಿಲ್ಲ. ದೋಷ ಹಿಡಿಯಬೇಕಾದರೆ ಊಟ ಪಕ್ಕಕ್ಕಿಡಬೇಕು, ಲೇಬಲ್ ಮುಚ್ಚಬೇಕು, ಪಕ್ಕದವನ ಮುಖ ನೋಡಬಾರದು. ಆದರೆ ದೋಷ ಇದೆಯೇ ಇಲ್ಲವೇ ಎಂದು ನೋಡುವುದು ಒಂದು ಕೆಲಸ, ಈ ವೈನಿನ ಯೋಗ್ಯತೆ ಎಷ್ಟು ಎನ್ನುವುದು ಬೇರೆಯೇ ಕೆಲಸ. ಹೋಟೆಲಿನ ಹಾಳೆಯಲ್ಲಿ ಎರಡನ್ನೂ ಒಂದೇ ಚಮಚದಲ್ಲಿ ಅಳೆಯಲು ಹೊರಟಿದ್ದರು.

ನಾಲ್ಕನೆಯ ಸಂಜೆ ಬರೋಲೋ ಸರದಿ. ಯಾವ ಯಾವ ವಾಸನೆ ಬರುತ್ತಿದೆ ಎಂದು ಒಬ್ಬೊಬ್ಬರೇ ಹೇಳಬೇಕು. ಪುಸ್ತಕದ ಉತ್ತರ ‘ಡಾಂಬರು ಮತ್ತು ಗುಲಾಬಿ’. ಹಾಗೆಂದು ಇಂಗ್ಲಿಷ್ ಪುಸ್ತಕಗಳು ಎಷ್ಟೋ ಕಾಲದಿಂದ ಬರೆಯುತ್ತ ಬಂದಿವೆ. ಒಬ್ಬ ವಯೊಲೆಟ್ ಹೂವೆಂದ, ಇನ್ನೊಬ್ಬಳು ಜೇಷ್ಠಮಧು ಎಂದಳು. ನನ್ನ ಮೂಗಿಗೆ ಡಾಂಬರು ಬರಲಿಲ್ಲ. ನಮ್ಮೂರ ರಸ್ತೆಗೆ ಅದನ್ನು ಕಂಡದ್ದೇ ಕಡಿಮೆ, ಅದೂ ಕಾರಣವಿರಬಹುದು. ನನಗೆ ಬಂದದ್ದು ಗುಲ್ಕನ್ ಹಾಕಿದ ಬೀಡಾ. ಗುಲಾಬಿಯ ಸಿಹಿ ಘಮ, ಅದರಡಿಗೆ ಕಾಚು, ಅದರಡಿಗೆ ಅಡಕೆ. ಮದುವೆ ಊಟ ಮುಗಿಸಿ ಚಪ್ಪರದ ಬಾಗಿಲಲ್ಲಿ ನಿಂತ ಹಾಗಾಯಿತು. ಹೇಳಲು ಸಂಕೋಚಪಟ್ಟೆ, ಆಮೇಲೆ ಹೇಳಿಯೇಬಿಟ್ಟೆ. ಎಲೆ, ಅಡಕೆ, ಸುಣ್ಣ, ಗುಲ್ಕನ್ ಎಂದರೇನೆಂದು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಒಗರು’ ಎಂದು ಬರೆದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ನಮ್ಮ ಮಕ್ಕಳು ಆರು ರುಚಿ ಎಣಿಸುತ್ತವೆ ಎಂದೆ. ಅವರ ಪುಸ್ತಕದಲ್ಲಿ ಒಗರು ರುಚಿಯೇ ಅಲ್ಲ, ಬಾಯಿಗೆ ಆಗುವ ಸ್ಪರ್ಶ ಮಾತ್ರ.

ಮೇಷ್ಟ್ರು ತುಂಬ ಹೊತ್ತು ಬೋರ್ಡು ನೋಡಿದರು. ‘ಈ ಎಲೆ ಅಡಕೆಯನ್ನು ಊಟಕ್ಕೆ ಮೊದಲು ಹಾಕಿಕೊಳ್ಳುತ್ತೀರೋ, ಆಮೇಲೋ?’

‘ಆಮೇಲೆ.’

‘ನಾವು ಒಗರನ್ನು ಊಟದ ಜೊತೆಗೇ ತಗೊಳ್ಳುತ್ತೇವೆ’ ಎಂದರು. ‘ರಾತ್ರಿ ನನ್ನ ಜೊತೆ ಬನ್ನಿ.’

ಆ ರಾತ್ರಿ ಒಂದು ಸಣ್ಣ ಊಟದ ಮನೆ. ತಯಾರಿನ್ ಎಂದು ಅಲ್ಲಿಯವರ ಸೇವಿಗೆ ಇದೆ. ಮೊಟ್ಟೆಯ ಹಳದಿಯನ್ನೇ ಹಿಟ್ಟಿಗೆ ಸುರಿದು ನಾದಿ ನೂಲಿನಷ್ಟು ಸಣ್ಣಗೆ ಕೊಯ್ದದ್ದು. ಅದರ ಮೇಲೆ ಬೆಣ್ಣೆ ಹರಿಯುತ್ತಿತ್ತು. ಆಮೇಲೆ ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ ಅವರಿಗೆ, ಹಳೆಯ ಗಟ್ಟಿ ಗಿಣ್ಣು (ಚೀಸು) ನನಗೆ. ಸಂಜೆ ಉಗುಳಿದ್ದ ಅದೇ ಬರೋಲೋ. ಬೆಣ್ಣೆಯ ತುತ್ತು ನುಂಗಿ ಒಂದು ಗುಟುಕು ಕುಡಿದೆ. ಒಗರು ಎಲ್ಲಿ ಹೋಯಿತು? ಬಾಯಿ ಒಣಗಲಿಲ್ಲ, ತೊಳೆದ ಹಾಗಾಯಿತು. ಮುಂದಿನ ತುತ್ತು ಮೊದಲ ತುತ್ತಿನಷ್ಟೇ ರುಚಿಯಾಗಿತ್ತು. ಬೆಣ್ಣೆ ತಿಂದವನಿಗೆ ಮೂರನೆಯ ತುತ್ತಿಗೇ ಮುಖ ಹೊಡೆಯುತ್ತದೆ, ಇಲ್ಲಿ ಕೊನೆಯವರೆಗೂ ಹೊಡೆಯಲಿಲ್ಲ. ಹಾಸಿಗೆಗೆ ಹೋದ ಮೇಲೂ ಗುಲ್ಕನ್ ಘಮ ಗಂಟಲಲ್ಲಿತ್ತು.

ಇದರಲ್ಲಿ ಮಾಟವೇನಿಲ್ಲ, ನಮ್ಮ ಅಜ್ಜಿಗೆ ಗೊತ್ತಿದ್ದ ವಿಷಯವೇ. ಪೇರಲೆಯ ಕುಡಿಯನ್ನು ಹಸಿಯಾಗಿ ಅಗಿದು ನೋಡಿ, ನಾಲಿಗೆ ಗರಗಸವಾಗುತ್ತದೆ. ಅದೇ ಕುಡಿಯನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಒಗರಿನ ಪದಾರ್ಥ, ಅಂದರೆ ಟ್ಯಾನಿನ್, ಪ್ರೋಟೀನು ಕಂಡಲ್ಲಿ ಅಂಟಿಕೊಳ್ಳುತ್ತದೆ. ಬಾಯಿ ಖಾಲಿಯಿದ್ದರೆ ಜೊಲ್ಲಿನ ಪ್ರೋಟೀನಿಗೆ ಅಂಟಿ ಅದರ ಜಾರುತನ ಕಿತ್ತುಕೊಳ್ಳುತ್ತದೆ, ನಾವು ಒಗರು ಎನ್ನುತ್ತೇವೆ. ಮಜ್ಜಿಗೆಯೋ ಗಿಣ್ಣೋ ಇದ್ದರೆ ಅದಕ್ಕೆ ಅಂಟಿ ಸುಮ್ಮನಾಗುತ್ತದೆ. ಬೆಂಗಳೂರಿನ ಹೋಟೆಲಿನಲ್ಲಿ ನಾವು ಎಪ್ಪತ್ತು ಜನ ಕೂತು ಮಾಡಿದ್ದು ಪೇರಲೆ ಕುಡಿಯನ್ನು ಹಸಿಯಾಗಿ ಅಗಿದು ತಂಬುಳಿಗೆ ಅಂಕ ಹಾಕುವ ಕೆಲಸ.

ಇಟಲಿಯವರೇ ಇದನ್ನು ಮುಚ್ಚಿಟ್ಟಿಲ್ಲ. 1965ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಅವರ ಸೊಮೆಲಿಯೆ (ವೈನ್ ಬಡಿಸುವ ಪರಿಣತರ) ಸಂಘದ ಪಾಠ ಮೂರು ಹಂತದ್ದು. ಮೂರನೆಯ ಹಂತ ಪೂರ್ತಿ ಊಟಕ್ಕೇ ಮೀಸಲು. ಒಂದರೊಳಗೊಂದು ಸುತ್ತಿದ ವೃತ್ತಗಳ ಚಿತ್ರದ ಮೇಲೆ, ತಟ್ಟೆಯಲ್ಲಿ ಎಷ್ಟು ಜಿಡ್ಡಿದೆ, ಎಷ್ಟು ರಸವಿದೆ, ಎಷ್ಟು ಸಿಹಿಯಿದೆ ಎಂದು ಗುರುತು ಹಾಕಿ, ಅದಕ್ಕೆ ಎದುರಾಗಿ ವೈನಿನ ಹುಳಿ, ಒಗರು, ಮದ್ಯಾಂಶ ಕೂಡಿಸುತ್ತಾರೆ. ಅವರೂ ನೂರಕ್ಕೆ ಅಂಕ ಹಾಕುತ್ತಾರೆ, ನಿಜ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ನಮ್ಮಲ್ಲಿಗೆ ಹಡಗು ಹತ್ತಿ ಬಂದದ್ದು ಮೊದಲರ್ಧ ಮಾತ್ರ.

ಆ ಮೊದಲರ್ಧ ಬರೋಲೋ ಊರಿನಲ್ಲೇ ಎಂಥ ಜಗಳ ತಂದಿಟ್ಟಿತು ಗೊತ್ತೇ? ಅಮೆರಿಕದ ರಾಬರ್ಟ್ ಪಾರ್ಕರ್ 1978ರಲ್ಲಿ ಶುರುಮಾಡಿದ ಪತ್ರಿಕೆಯ ನೂರರ ಅಂಕ ಮುಂದಿನ ದಶಕದಲ್ಲಿ ಪೇಟೆಯ ಪಂಚಾಂಗವೇ ಆಯಿತು. ಅದೇ ಹೊತ್ತಿಗೆ ಲಾಂಗೆಯ ಹೊಸ ತಲೆಮಾರು ಒಗರನ್ನು ತಗ್ಗಿಸಿ, 225 ಲೀಟರಿನ ಸಣ್ಣ ಫ್ರೆಂಚ್ ಓಕ್ ಪೀಪಾಯಿಗಳನ್ನು ತಂದು, ಬೇಗ ಕುಡಿಯಬಲ್ಲ ವೈನು ಮಾಡತೊಡಗಿತು. ಎಲಿಯೋ ಆಲ್ತಾರೆ ಎಂಬಾತ ಅಪ್ಪನ ಹಳೆಯ ದೊಡ್ಡ ಪೀಪಾಯಿಗಳನ್ನು ಗರಗಸದ ಯಂತ್ರದಲ್ಲಿ ಕೊಯ್ದುಹಾಕಿದ. ಅಪ್ಪ ಮಗನಿಗೆ ಆಸ್ತಿ ಕೊಡಲಿಲ್ಲ. ಇನ್ನೊಂದು ಕಡೆ ಬಾರ್ತೊಲೋ ಮಸ್ಕರೆಲ್ಲೋ ಎಂಬ ಹಿರಿಯ, ‘ಸಣ್ಣ ಪೀಪಾಯಿ ಬೇಡ, (ರಾಜಕಾರಣಿ) ಬೆರ್ಲುಸ್ಕೋನಿ ಬೇಡ’ ಎಂಬ ಅರ್ಥದ ಲೇಬಲನ್ನು ಕೈಯಾರೆ ಬರೆದು ಬಾಟ್ಲಿಗೆ ಅಂಟಿಸಿದ. 2005ರಲ್ಲಿ ತೀರಿಕೊಳ್ಳುವವರೆಗೂ ಸಣ್ಣ ಪೀಪಾಯಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಸಬರನ್ನು ಸುಮ್ಮನೆ ಬೈಯುವುದು ತಪ್ಪು. ಕೊಳಕು ಪೀಪಾಯಿಗಳನ್ನು ಎಸೆದು ಶುಚಿ ಕಲಿಸಿದವರು ಅವರೇ, ಬಡತನದಲ್ಲಿದ್ದ ಗುಡ್ಡಕ್ಕೆ ದುಡ್ಡು ತಂದವರೂ ಅವರೇ. ಆದರೆ ನನ್ನ ನಾಲಿಗೆ ಮುದುಕನ ಕಡೆಗಿದೆ. ಹೊಸ ಓಕಿನ ವೆನಿಲ್ಲಾ ವಾಸನೆ ಸುಲಭಕ್ಕೆ ಅಂಕ ಗಿಟ್ಟಿಸುತ್ತದೆ, ಆದರೆ ಬೀಡಾದ ಮೇಲೆ ಐಸ್‌ಕ್ರೀಮ್ ಸುರಿದ ಹಾಗೆ.

ಕಾಫಿಯಲ್ಲೂ ಇದೇ ಕಾಯಿಲೆ. ಹಣ್ಣಿನ ಸಮೇತ ಒಣಗಿಸಿ, ಹುದುಗು ಬರಿಸಿದ ಕಾಫಿ ಕಪ್ಪಿಂಗ್ ಮೇಜಿನ ಮೇಲೆ ಹಲಸಿನ ಹಣ್ಣಿನ ಹಾಗೆ ಘಮಘಮಿಸಿ ಬಹುಮಾನ ಹೊಡೆಯುತ್ತದೆ. ಮನೆಗೆ ಒಯ್ದವರು ಅರ್ಧ ಲೋಟಕ್ಕೇ ಸಾಕು ಎನ್ನುತ್ತಾರೆ. ಸಾಲಾಗಿ ಇಟ್ಟ ಲೋಟಗಳಲ್ಲಿ ಗಟ್ಟಿಯಾಗಿ ಕೂಗುವುದೇ ಗೆಲ್ಲುತ್ತದೆ. ಈ ಪಾಪದಲ್ಲಿ ನನ್ನದೂ ಪಾಲಿದೆ. ಅಂಥವಕ್ಕೆ ನಾನೇ ಎಷ್ಟೋ ಸಲ 88, 89 ಬರೆದಿದ್ದೇನೆ.

ಅಂಕ ಹಾಕುವ ನಾಲಿಗೆ ಎಷ್ಟು ನೆಚ್ಚಬಹುದಾದದ್ದು ಎಂಬುದಕ್ಕೂ ಲೆಕ್ಕವಿದೆ. ರಾಬರ್ಟ್ ಹಾಜ್‌ಸನ್ ಎಂಬ ವೈನ್ ತಯಾರಕ ಕ್ಯಾಲಿಫೋರ್ನಿಯಾ ರಾಜ್ಯಮೇಳದ ತೀರ್ಪುಗಾರರಿಗೆ ಒಂದೇ ಬಾಟ್ಲಿಯ ವೈನನ್ನು ಗೊತ್ತಾಗದ ಹಾಗೆ ಮೂರು ಸಲ ಕೊಡಿಸಿದ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ಸಲವೂ ಹತ್ತಿರ ಹತ್ತಿರದ ಅಂಕ ಹಾಕಿದವರು ಹತ್ತರಲ್ಲಿ ಒಬ್ಬರಷ್ಟೇ. ಫ್ರಾನ್ಸಿನ ಬೋರ್ದೋದಲ್ಲಿ ವೈನ್ ಕಲಿಯುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ ಅವರು ಕೆಂಪು ವೈನಿನ ವಾಸನೆಗಳನ್ನೇ ಬರೆದರು. ನಗಬೇಡಿ, ನಾನೂ ಬರೆಯುತ್ತಿದ್ದೆ. ಇನ್ನು, ನಗಲಾಗದ ಒಂದು ಸಂಗತಿ. 1986ರಲ್ಲಿ ಬರೋಲೋ ಹುಟ್ಟುವ ಪಿಯೆಮೊಂತೆ ಸೀಮೆಯಿಂದಲೇ ಹೊರಟ ಅಗ್ಗದ ವೈನಿನಲ್ಲಿ ಮದ್ಯಾಂಶ ಹೆಚ್ಚಿಸಲೆಂದು ಮೆಥನಾಲ್ ಬೆರೆಸಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹಲವರು ಕುರುಡರಾದರು. ಅದನ್ನು ಹಿಡಿಯಲು ಪ್ರಯೋಗಾಲಯ ಬೇಕಾಯಿತು, ನಾಲಿಗೆಯಿಂದಾಗಲಿಲ್ಲ. ನಮ್ಮ ನಾಲಿಗೆಯ ಎಲ್ಲೆ ನಮಗೆ ಗೊತ್ತಿರಬೇಕು.

ಲೇಬಲ್ಲೂ ಗುರುವಲ್ಲ. ತೊಸ್ಕಾನಾದ ಸಸ್ಸಿಕಾಯಾ ಎಂಬ ವೈನನ್ನು ಬೋರ್ದೋದ ಕಬೆರ್ನೆ ದ್ರಾಕ್ಷಿಯಿಂದ ಮಾಡುತ್ತಿದ್ದರೆಂದು ಅಲ್ಲಿನ ಕಾಯ್ದೆ ಅದನ್ನು ಎಷ್ಟೋ ವರ್ಷ ಎಲ್ಲಕ್ಕಿಂತ ಕೆಳಗಿನ ‘ಊಟದ ಮೇಜಿನ ವೈನು’ ಎಂಬ ದರ್ಜೆಯಲ್ಲೇ ಇಟ್ಟಿತ್ತು. 1978ರಲ್ಲಿ ಲಂಡನ್ನಿನ ಸ್ಪರ್ಧೆಯೊಂದರಲ್ಲಿ ಅದೇ ವೈನು ಜಗತ್ತಿನ ಕಬೆರ್ನೆಗಳನ್ನೆಲ್ಲ ಹಿಂದೆ ಹಾಕಿತು. ಊಟದ ಮೇಜಿನ ವೈನು ಎನ್ನುವುದು ಬೈಗುಳವಾದದ್ದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೆಂಗಳೂರಿನ ಅಂಗಡಿಗಳಲ್ಲಿ ಈಗ ಬಾಟ್ಲಿಯ ಕುತ್ತಿಗೆಗೆ ‘92’ ಎಂಬ ಚೀಟಿ ನೇತುಬಿದ್ದಿರುತ್ತದೆ. ವರ್ಷಗಟ್ಟಲೆ ಶೇ 150ರಷ್ಟಿದ್ದ ಆಮದು ಸುಂಕ, ಅದರ ಮೇಲೆ ರಾಜ್ಯದ ತೆರಿಗೆ ಹತ್ತಿ, ಸಾಧಾರಣ ಬರೋಲೋ ಬಾಟ್ಲಿಯೊಂದಕ್ಕೆ ನನ್ನ ಮೊದಲ ತಿಂಗಳ ಸಂಬಳಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ಅಷ್ಟು ಕೊಟ್ಟವನು ಚೀಟಿ ನಂಬಿ ಕೊಂಡು, ಹುರಿಗಡಲೆಯ ಜೊತೆ ಕುಡಿದು, ಇದೇನಪ್ಪ ಒಗರು ಎಂದು ಬಚ್ಚಲಿಗೆ ಸುರಿದದ್ದನ್ನು ಕಂಡಿದ್ದೇನೆ.

ಹೋದ ಡಿಸೆಂಬರಿನಲ್ಲಿ ತಂಗಿಯ ಮಗ ಬೊಲೋನ್ಯಾದಿಂದ ಲಂಬ್ರುಸ್ಕೋ ಎಂಬ ವೈನು ತಂದಿದ್ದ. ನೇರಳೆ ಬಣ್ಣ, ಸೋಡಾದಂತೆ ನೊರೆ, ಸಿಹಿಯಿಲ್ಲ, ಹುಳಿಯೋ ಹುಳಿ. ಯಾವ ಹಾಳೆಯಲ್ಲೂ ಇದಕ್ಕೆ ದೊಡ್ಡ ಅಂಕ ಬೀಳುವುದಿಲ್ಲ. ಅವತ್ತು ಊರಿನ ಮನೆಯಲ್ಲಿ ಕಡುಬು, ಹಂದಿ ಸಾರು. ಭಾವ ಮೊದಲು ಮೂಸಿ, ‘ಇದೆಂಥದೋ ಮಾರಾಯ, ಹುಳಿ ಬಂದ ಶರಬತ್ತು’ ಎಂದು ದೂರ ತಳ್ಳಿದ. ಎರಡು ಕಡುಬು ಇಳಿದ ಮೇಲೆ ತಾನೇ ಲೋಟ ಎಳೆದುಕೊಂಡ. ಇಪ್ಪತ್ತು ನಿಮಿಷಕ್ಕೆ ಬಾಟ್ಲಿ ಖಾಲಿ. ಹಂದಿಯ ಕೊಬ್ಬನ್ನು ಕೊಡಗಿನವರು ಕಾಚಂಪುಳಿ ಎಂಬ ಹುಳಿಯಿಂದ ಪಳಗಿಸುತ್ತಾರೆ. ಲಂಬ್ರುಸ್ಕೋ ಮಾಡುವ, ಹಂದಿ ಮಾಂಸಕ್ಕೆ ಹೆಸರಾದ ಎಮಿಲಿಯಾ ಸೀಮೆಯವರು ಆ ಹುಳಿಯನ್ನು ಲೋಟದಲ್ಲಿಟ್ಟುಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ.

ಹೋಟೆಲಿನಲ್ಲಿ ಎಂಟನೆಯದಾದ ಆ ಬರೋಲೋ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನಾಚಿಕೆ ಬಿಟ್ಟು ಕೇಳಿ, ಬಿರಡೆ ಒತ್ತಿಸಿ ಮನೆಗೆ ತಂದೆ. ಮರುದಿನ ರಾತ್ರಿ ಹೆಂಡತಿ ಅಕ್ಕಿರೊಟ್ಟಿ, ಬೆಣ್ಣೆ, ಅಣಬೆ ಪಲ್ಯ ಮಾಡಿದ್ದಳು. ಈ ಬಾರಿ ನಾನು ಉಗುಳಲಿಲ್ಲ. ವೈನು ಮುಟ್ಟದ ಆಕೆಯೂ ಲೋಟ ಮೂಸಿ, ‘ಬೀಡಾ ಅಂಗಡಿ ವಾಸನೆ’ ಎಂದಳು. ನಾನು ಹೇಳಿಕೊಟ್ಟಿರಲಿಲ್ಲ.

ಇಂಥ ಕಾರ್ಯಕ್ರಮ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಎಂಟು ವೈನು ಬೇಡ, ನಾಲ್ಕು ಸಾಕು. ಮೊದಲು ಬರಿ ಲೋಟ ಕೊಡಿ, ಕೆಟ್ಟಿದೆಯೇ ಎಂದು ನೋಡುತ್ತೇವೆ. ಆಮೇಲೆ ಅದೇ ವೈನನ್ನು ಒಂದು ತಟ್ಟೆ ಬಿಸಿ ಊಟದ ಜೊತೆ ಕೊಡಿ; ಇಟಲಿಯ ಊಟವೇ ಆಗಬೇಕೆಂದಿಲ್ಲ, ಬೆಣ್ಣೆ ಹಾಕಿದ ರೊಟ್ಟಿಯಾದರೂ ಸರಿ. ಹಾಳೆಯಲ್ಲಿ ನೂರರ ಕಾಲಂ ತೆಗೆದುಹಾಕಿ, ಅಲ್ಲಿ ಒಂದೇ ಪ್ರಶ್ನೆ ಅಚ್ಚು ಹಾಕಿಸಿ: ಇನ್ನೊಂದು ಲೋಟ ಬೇಕೇ, ಬೇಡವೇ?